ಮಾರದ ನೀರು

ಮುನಿಶಾಮಮ್ಮನವರ ಬಾವಿಯ ನೀರನ್ನು ಹೊರಗಿನವರಿಗೆ ಪುಕ್ಕಟೆ ಕೊಡಿಸಿದವಳು ನಾನೇ. ಎಂಬತ್ತಮೂರರ ಬೇಸಿಗೆ. ಸಿಂಗಾಪುರ ಎಂಬ ಹಳ್ಳಿಯಲ್ಲಿ ಅವರ ವಠಾರದಲ್ಲಿ ಬಾಡಿಗೆಗಿದ್ದೆವು. ನಮ್ಮ ಯಜಮಾನರ ಕಾರ್ಖಾನೆಯವರು ಒಂದು ಮೈಲಿ ಆಚೆ ಲೇಔಟ್ ಮಾಡಿ ಮನೆ ಕಟ್ಟಿಕೊಂಡಿದ್ದರು. ಅಲ್ಲಿ ಎಲ್ಲ ಇತ್ತು, ನೀರೊಂದು ಬಿಟ್ಟು. ದಿನಕ್ಕೊಂದು ಟ್ಯಾಂಕರ್ ಕೊಡಿ, ದುಡ್ಡು ಕೊಡುತ್ತೇವೆ ಎಂದು ಕೇಳಿಕೊಂಡು ಬಂದರು. ನಮ್ಮ ನೀರು ಊರು ದಾಟಬಾರದು ಎಂದು ಊರವರು ಕೂಗಾಡಿದರು. ಮುನಿಶಾಮಮ್ಮ ನನ್ನ ಮುಖ ನೋಡಿದರು. ನಾನು ವಿಜಾಪುರದ ಕಡೆಯವಳು, ಒಂದು ಕೊಡಕ್ಕೆ ಎರಡು ಮೈಲಿ ನಡೆದವಳು. ನೀರಿನ ವಿಷಯದಲ್ಲಿ ನನ್ನ ಮಾತಿಗೆ ತೂಕವಿದೆಯೆಂದು ಅವರ ನಂಬಿಕೆ.

"ಇಲ್ಲ ಅನ್ನಬ್ಯಾಡ್ರಿ ಅಮ್ಮಾರ. ಆದ್ರ ರೊಕ್ಕ ಮುಟ್ಟಬ್ಯಾಡ್ರಿ, ನೀರು ಮಾರಿದ್ರ ಪಾಪ ಬರ್ತೈತಿ," ಎಂದೆ.

ದೊಡ್ಡ ಮನುಷ್ಯಳಂತೆ ಹೇಳಿಬಿಟ್ಟೆ. ಯಜಮಾನರಿಗೆ ಕಾರ್ಖಾನೆಯಲ್ಲಿ ಹೆಸರು ಬಂತು. ನಾನೂ ಉಬ್ಬಿದೆ.

ಮೊದಲು ಒಂದು ಟ್ಯಾಂಕರ್. ಯುಗಾದಿಯ ಹೊತ್ತಿಗೆ ಮೂರು. ಆಮೇಲೆ ಐದು. ಬೆಳಿಗ್ಗೆ ಎದ್ದವಳೇ ಬಾವಿಯ ಒಣಗಿದ ಮೆಟ್ಟಿಲು ಎಣಿಸುವುದು ನನ್ನ ಕೆಲಸವಾಯಿತು. ಒಂದು ದಿನ ಹತ್ತೊಂಬತ್ತನೆಯ ಮೆಟ್ಟಿಲೂ ಕಂಡಿತು. ದಿನಕ್ಕೆ ನಾಲ್ಕು ಬಿಂದಿಗೆ ತರುತ್ತಿದ್ದವಳು ಹತ್ತು ತರತೊಡಗಿದೆ. ಹಂಡೆ, ಡಬ್ಬ, ಒಗ್ಗರಣೆ ಸೌಟೊಂದು ಬಿಟ್ಟು ಎಲ್ಲದರಲ್ಲೂ ನೀರು. ಯಜಮಾನರು ನಕ್ಕರು. ಅವರಿಗೇನು, ಸ್ನಾನವನ್ನು ಕಾರ್ಖಾನೆಯಲ್ಲೇ ಮುಗಿಸಿ ಬರುತ್ತಿದ್ದರು.

ಟ್ಯಾಂಕರಿನ ಡ್ರೈವರ್ ಮನ್ಸೂರನನ್ನು ತಡೆದು ಕೇಳಿದೆ. ಲೇಔಟಿನಲ್ಲಿ ಈಗ ಅಂಗಳದ ಗಿಡಗಳಿಗೂ ಇದೇ ನೀರಂತೆ. ಪುಕ್ಕಟೆ ಬರುವುದನ್ನು ಯಾರು ಹಿಡಿದು ಬಳಸುತ್ತಾರೆ ಎಂದು ಅವನೇ ಬೇಸರಪಟ್ಟ.

ಸಾಕು ಅಂದುಬಿಡಿ ಎಂದು ಮುನಿಶಾಮಮ್ಮನವರಲ್ಲಿ ಗೋಗರೆದೆ. ಮಾರಿದ್ದರೆ ಅಂಗಡಿ ಮುಚ್ಚಬಹುದಿತ್ತು, ದಾನ ಕೊಟ್ಟವಳು ಯಾವ ಬಾಯಲ್ಲಿ ಸಾಕು ಅನ್ನಲಿ ಎಂದರು. ಆ ಸಂಜೆ ಅವರ ಹಸುಗಳು ತೊಟ್ಟಿಯ ಕೆಸರುನೀರನ್ನು ಮೂಸಿ ಬಿಟ್ಟವು. ಅವರು ಬಾವಿಗೆ ಹೋಗಿ ಇಣುಕಿ ನೋಡಿದರು.

ಮಾರನೆಯ ಬೆಳಿಗ್ಗೆ ಟ್ಯಾಂಕರ್ ಬಂದಾಗ ಮುನಿಶಾಮಮ್ಮ ದನ ಕಾಯುವ ಕೋಲು ಅಡ್ಡ ಹಿಡಿದು ಬಾವಿಕಟ್ಟೆಯ ಮೇಲೆ ಕುಳಿತಿದ್ದರು. ಇನ್ನು ದಿನಕ್ಕೆ ಒಂದೇ ಲೋಡು, ಮೊದಲು ದುಡ್ಡು, ಆಮೇಲೆ ಪೈಪು ಎಂದರು. ಮನ್ಸೂರ್ ತಲೆಯಾಡಿಸಿ, ಲೇಔಟಿನವರನ್ನು ಕೇಳಿ ಬರುತ್ತೇನೆಂದು ಖಾಲಿ ಗಾಡಿ ತಿರುಗಿಸಿದ. ನನಗೆ ಹೋದ ಜೀವ ಬಂದಂತಾಯಿತು. ಬಿಂದಿಗೆ ಎತ್ತಿಕೊಂಡು ಮೆಟ್ಟಿಲಿಳಿಯಲು ಹೋದೆ.

ಅವರು ಆ ಕೋಲನ್ನು ನನಗೂ ಅಡ್ಡ ಇಟ್ಟರು.

"ನಿಂಗೂ ಅಷ್ಟೇ ಚಂದ್ರವ್ವ. ಬಿಂದಿಗೆಗೆ ಅತ್ತು ಪೈಸೆ."

ನಾನು ಖಾಲಿ ಬಿಂದಿಗೆಯನ್ನು ಕೆಳಗಿಟ್ಟೆ.

"ಪಾಪ ಬಂದ್ರೆ ನಂಗೇ ಬರ್ಲಿ," ಎಂದರು, ನನ್ನ ಮುಖ ನೋಡದೆ. "ಇಂಗೇ ಬಿಟ್ರೆ ನೀರೇ ಇರಾಕಿಲ್ಲ."

ಒಳಗೆ ಹೋಗಿ ಚಿಲ್ಲರೆ ತಂದು ಅವರ ಕೈಗೆ ಹಾಕಿದೆ. ನಾಚಿಕೆಯಿಂದ ಮುಖ ಉರಿಯುತ್ತಿತ್ತು. ಹತ್ತು ಬಿಂದಿಗೆ ತರುತ್ತಿದ್ದವಳು ಅವತ್ತು ಮೂರೇ ತಂದೆ, ಮೂರೇ ಸಾಕಾಯಿತು.