ಬಿಳಿಯ ಕೆಳಗಿನ ಕೆಂಪು

ಬಣ್ಣ ಬಳಿಯಲು ಹತ್ತುವ ಸಾರುವೆಯ ಹಗ್ಗ ಕೊಳೆತಿದೆ ಎಂದು ಅವಳ ತಮ್ಮ ಹೇಳಿ ಹೇಳಿ ಸೋತಿದ್ದ. ಅಂಗಡಿ ಮಾಲೀಕ ಕಿವಿಗೆ ಹಾಕಿಕೊಳ್ಳಲಿಲ್ಲ. ಅಂಗಡಿಯ ಗೋಡೆಗೆ ಬಣ್ಣ ಬಳಿಯುತ್ತಿದ್ದ ತಮ್ಮ ಮೇಲಿಂದ ಬಿದ್ದು ಸತ್ತಾಗ, "ಕುಡಿದು ಹತ್ತಿದ್ದ" ಎಂದು ಬೀದಿಗೆಲ್ಲ ಸಾರಿದ. ಹೆಂಡದ ವಾಸನೆಗೇ ಮೂಗು ಮುಚ್ಚಿಕೊಳ್ಳುತ್ತಿದ್ದ ಹುಡುಗ ಸತ್ತ ಮೇಲೆ ಕುಡುಕನಾದ.

ಅವನಿಗೆ ಬ್ರಷ್ ಹಿಡಿಯಲು ಕಲಿಸಿದ್ದ ಅಕ್ಕನ ಹೊಟ್ಟೆಯಲ್ಲಿ ಅಂದಿನಿಂದ ಕೆಂಡ. ಸಾವಾದ ಗೋಡೆಗೆ ಬೇರೆ ಯಾವ ಪೇಂಟರೂ ಹತ್ತಲು ಒಪ್ಪದೆ, ಕೊನೆಗೆ ಮಾಲೀಕ ಅವಳ ಬಾಗಿಲಿಗೇ ಬಂದ.

"ಆಗಿದ್ದು ಆಗೋಯ್ತಮ್ಮ. ಹಾಲಿನಂಥ ಬಿಳಿ ಬೇಕು ನೋಡು."

"ಮಾಡಿಕೊಡ್ತೀನಿ. ಹಗ್ಗ ನಾನೇ ತರ್ತೀನಿ."

ತಮ್ಮನ ಹೆಂಡತಿ ಸಿಡಿದಳು. "ಮಾನ ಮರ್ಯಾದೆ ಇದೆಯಾ ಅತ್ತಿಗೆ ನಿಮಗೆ?"

"ಇರೋದಕ್ಕೇ ಹೋಗ್ತಿರೋದು. ನೀನು ಬಂದು ಏಣಿ ಹಿಡ್ಕೋ."

ಅಕ್ಕ ಹೊಸ ಹಗ್ಗದಿಂದ ಸಾರುವೆ ಬಿಗಿದು, ಗೋಡೆ ಕಾಣದಂತೆ ಗೋಣಿ ಪರದೆ ಕಟ್ಟಿ, ಅಗ್ಗದ ಕೆಂಪು ಬಣ್ಣದ ಡಬ್ಬಿ ತೆರೆದಳು. ಮೇಲೆ ಎಷ್ಟೇ ಬಿಳಿ ಬಳಿದರೂ ಆ ಕೆಂಪು ದಿನ ಕಳೆದಂತೆ ಒಸರಿ ಹೊರಬರುತ್ತದೆ. ನಡುವೆ ಪ್ರೈಮರ್ ಬಳಿದರಷ್ಟೇ ಒಳಗೆ ಉಳಿಯುತ್ತದೆ. ಹೀಗೆ ಗೋಡೆಯಲ್ಲಿ ಮೂಡುವ, ತಲೆಯೊಡೆದ ತಮ್ಮನ ಮುಖ ನೋಡಿಯೇ ಮಾಲೀಕ ದಿನಾ ಬಾಗಿಲು ತೆಗೆಯಬೇಕು ಎಂಬುದು ಅವಳ ಲೆಕ್ಕ.

ಆದರೆ ಕೈ ಮಾತು ಕೇಳಲಿಲ್ಲ. ಒಡೆದ ಹಣೆ ಬರೆಯಹೋದರೆ ಹುಬ್ಬು ಕುಣಿಯಿತು. ಮುಚ್ಚಿದ ಬಾಯಿ ಬರೆಯಹೋದರೆ, ಬ್ರಷ್ಷನ್ನು ಅವಳ ಸೆರಗಿಗೆ ಒರೆಸಿ ಓಡುತ್ತಿದ್ದವನ ಕಳ್ಳನಗು ಬಂತು. ಇಷ್ಟು ದಿನ ಅವನನ್ನು ನೆನೆದರೆ ಬರೀ ರಕ್ತ ಕಾಣುತ್ತಿತ್ತು. ಈಗ ಮುಖ ಕಂಡಿತು. ಆ ನಗುವನ್ನೇ ಪೂರ್ತಿ ಬರೆದಳು.

ಕೆಳಗೆ ಏಣಿ ಹಿಡಿದಿದ್ದವಳು ಕಣ್ಣೊರೆಸಿಕೊಂಡಳು. "ಎಡಗೆನ್ನೆ ಗುಳಿ ಬಿಟ್ರಿ ಅತ್ತಿಗೆ."

ಗುಳಿ ಬರೆದು, ಒಣಗಿಸಿ, ಮೇಲೆ ಬಿಳಿ ಎಳೆದಳು. ಮಾಲೀಕ ಹಿಗ್ಗಿ ಹೀರೇಕಾಯಿಯಾದ.

ದಿನ ಕಳೆದು ಬಿಸಿಲು ಬಲಿತಂತೆ ಗೋಡೆಯಲ್ಲಿ ಮೊದಲು ಕಿವಿ ಮೂಡಿತು, ಆಮೇಲೆ ನಗು. ಬೀದಿಯ ಜನ ಸೇರಿದರು. ಅಷ್ಟು ದಿನ ತುಟಿ ಹೊಲಿದುಕೊಂಡಿದ್ದ ಎದುರಿನ ದರ್ಜಿ, "ಹಗ್ಗ ಬದಲಾಯ್ಸಿ ಅಂತ ಬೇಡ್ಕೋತಿದ್ದ ಪಾಪ, ನಾನೇ ಕೇಳಿದೀನಿ" ಎಂದ.

ಮಾಲೀಕ ಅವಳನ್ನು ಕರೆಸಿದ. "ಅಳಿಸಮ್ಮ ಇದನ್ನ."

"ಅವನು ಕುಡಿದಿರಲಿಲ್ಲ, ಹಗ್ಗ ಕೊಳೆತಿತ್ತು ಅಂತ ಹೇಳಿ. ಪ್ರೈಮರ್ ಹಾಕ್ತೀನಿ."

ಅವನು ನೆಲ ನೋಡುತ್ತ ಗೊಣಗಿದ.

"ದರ್ಜಿಯಣ್ಣನಿಗೆ ಕೇಳಿಸ್ಲಿಲ್ಲ."

ಬೀದಿಗೆಲ್ಲ ಕೇಳುವಂತೆ ಹೇಳಿದ. ಅವಳು ಇನ್ನೂ ಬಿಚ್ಚದೆ ಬಿಟ್ಟಿದ್ದ ಸಾರುವೆಯ ಹೊಸ ಹಗ್ಗ ಬಿಚ್ಚಿ, ಸುತ್ತಿ, ತಮ್ಮನ ಹೆಂಡತಿಯ ಹೆಗಲಿಗೆ ಹಾಕಿದಳು.

"ಪ್ರೈಮರ್?" ಎಂದ ಮಾಲೀಕ.

"ಹಾಕ್ತೀನಿ ಅಂದೆ. ಯಾವತ್ತು ಅಂತ ಹೇಳಿದ್ನಾ?"