ಭಾನುವಾರ ನಮ್ದು

"ಏಯ್ ಮುದಿ ಗೂಬೆ, ನಿನ್ನ ಯೇಸು ಬಂದು ಹಿಂಡ್ತಾನೇನೆ ಈ ಚಾದರಾನ?"

ಧಣಿ ಬಾಗಿಲಲ್ಲಿ ನಿಂತು ಕೂಗಿದ. ತೊಟ್ಟಿಯೊಳಗೆ ಮೊಣಕಾಲುದ್ದ ಸೋಪುನೀರಲ್ಲಿದ್ದ ನಮ್ಮತ್ತೆ ಚಾದರದ ಒಂದು ತುದಿ ನನಗೆ ಕೊಟ್ಟು, ಇನ್ನೊಂದನ್ನು ತಿರುಚುತ್ತಲೇ ಅಂದರು:

"ಬಂದಿದ್ರೆ ಹಿಂಡ್ತಿದ್ದ ಧಣಿ. ಶಿಷ್ಯರ ಕಾಲು ತೊಳೆದೋನಿಗೆ ಚಾದರ ಯಾವ ಲೆಕ್ಕ? ನಿಮ್ಮಂಗೆ ಸೊಂಟದ ಮೇಲೆ ಕೈ ಇಟ್ಕೊಂಡಂತೂ ನಿಲ್ತಿರ್ಲಿಲ್ಲ."

ಲಾಂಡ್ರಿಯ ಹೆಂಗಸರೆಲ್ಲ ಕಿಸಕ್ಕನೆ ನಕ್ಕರು. ಧಣಿಯ ಮುಖ ಕಾದ ಇಸ್ತ್ರಿಪೆಟ್ಟಿಗೆಯಾಯಿತು.

ಜಗಳವೆಲ್ಲ ಭಾನುವಾರದ್ದು. ದೊಡ್ಡ ಹೋಟೆಲಿನ ಬಟ್ಟೆ ನಮ್ಮಲ್ಲಿಗೆ ಬರತೊಡಗಿದ ಮೇಲೆ, ಭಾನುವಾರ ಬೆಳಿಗ್ಗೆಯೂ ಕೆಲಸಕ್ಕೆ ಬರಬೇಕೆಂದು ಅವನು ಅಪ್ಪಣೆ ಮಾಡಿದ್ದ. ಅತ್ತೆ ಬರಲಿಲ್ಲ. ನನ್ನನ್ನೂ ಎಳೆದುಕೊಂಡು ಪ್ರಾರ್ಥನೆಗೆ ಹೋದರು. ಮರುದಿನವೇ ಅವನು ಅವರನ್ನು ಇಸ್ತ್ರಿ ಮೇಜಿನಿಂದ ಎಬ್ಬಿಸಿ, ಆಸ್ಪತ್ರೆ ಬಟ್ಟೆಯ ಈ ತೊಟ್ಟಿಗೆ ಇಳಿಸಿದ. ರಕ್ತ, ಕೀವು, ಹೇಲು. ಬ್ಲೀಚಿಂಗ್ ಪುಡಿಗೆ ಅತ್ತೆಯ ಕಾಲ್ಬೆರಳ ಸಂದಿಯೆಲ್ಲ ಕಿತ್ತುಹೋಯಿತು.

"ಸಾಕು ಬಿಡಿ ಅತ್ತೆ," ಅಂದೆ ಸಂಜೆ ಅವರ ಕಾಲಿಗೆ ಎಣ್ಣೆ ಸವರುತ್ತ. "ಒಂದು ವಾರ ಹೋಗ್ದಿದ್ರೆ ದೇವ್ರೇನು ಹಾಜರಿ ಕೂಗ್ತಾನಾ?"

"ಅವನು ಕೂಗಲ್ಲ ಕಣೆ, ನಾನು ಕೂಗ್ಬೇಕು. ಮಗ ಲಾಂಡ್ರಿ ಬಾಯ್ಲರಿಗೆ ಸಿಕ್ಕಿ ಸತ್ತ ವಾರಾನೂ ಹೋಗಿದ್ದೆ. ಜಗಳ ಆಡೋಕಾದ್ರೂ ಅವನ ಮನೆಗೇ ಹೋಗ್ಬೇಕಲ್ಲ?"

ಆ ಮಗ ನನ್ನ ಗಂಡ. ನಾನು ಅತ್ತೆಯ ಇನ್ನೊಂದು ಕಾಲನ್ನು ಮಡಿಲಿಗೆ ಎಳೆದುಕೊಂಡೆ.

ಆ ಶನಿವಾರ ಧಣಿ ನಮಗೆ ರಾತ್ರಿ ಪಾಳಿ ಹಾಕಿದ. ಬೆಳಗಾಗಿ ಹೊರಡೋಣವೆಂದರೆ ಗೇಟಿಗೆ ಬೀಗ.

"ಮಧ್ಯಾಹ್ನದ ತನಕ ಯಾವಳೂ ಅಲ್ಲಾಡಂಗಿಲ್ಲ! ಇಲ್ಲೇ ಮಾಡ್ಕೊಳ್ರೇ ನಿಮ್ಮ ಪ್ರಾರ್ಥನೆ," ಅಂದ ಹಲ್ಲು ಕಿರಿದು.

"ದೊಡ್ಡ ಮನಸ್ಸು ಮಾಡಿದ್ರಿ ಧಣಿ," ಎಂದು ಅತ್ತೆ ತೊಟ್ಟಿಯಿಂದ ಮೇಲೆ ಬಂದರು. ಪಕ್ಕದ ಮಷೀನು ನಿಲ್ಲಿಸಿದರು. ಹೋಟೆಲಿನ ಬಿಳಿ ಚಾದರಗಳ ರಾಶಿಯ ಮೇಲೆ ಒದ್ದೆ ಮೊಣಕಾಲೂರಿ ಕಣ್ಣು ಮುಚ್ಚಿದರು.

"ಕರ್ತನೇ, ನಮ್ಮ ಧಣೀನ ಕಾಪಾಡು. ಸೊಂಟನೋವು ವಾಸಿ ಮಾಡು. ನಾಲಿಗೆ ಸ್ವಲ್ಪ ಮೆತ್ತಗೆ ಮಾಡು. ಬೀಗದ ಕೈ ಅವರ ಬಲಗಡೆ ಜೇಬಲ್ಲೇ ಇದೆ, ಅದನ್ನ ನೆನಪು ಮಾಡು. ಆಮೆನ್."

"ಆಮೆನ್!" ಎಂದು ಕಿರುಚಿದವಳು ಇಸ್ತ್ರಿ ಮೇಜಿನವಳು, ನಾವೆಲ್ಲ ಗಯ್ಯಾಳಿ ಎಂದು ಕರೆಯುವವಳು. ಯಾವ ದೇವರಿಗೂ ಕೈಮುಗಿದವಳಲ್ಲ ಅವಳು.

"ನೀನ್ಯಾಕೇ ಬೊಗಳ್ತೀಯ ರಂಡೆ? ನೀನು ಅವರೋಳಲ್ಲವಲ್ಲ!"

"ರಜೆ ಅಂದ್ರೆ ನಂಗೂ ಭಕ್ತಿ ಉಕ್ಕುತ್ತೆ ಧಣಿ," ಎಂದು ಅವಳು ಇಸ್ತ್ರಿಯ ಪ್ಲಗ್ಗು ಕಿತ್ತಳು. ಆಮೇಲೆ ಒಂದರ ಹಿಂದೊಂದು ಮಷೀನು ನಿಂತವು. ಅಷ್ಟು ದೊಡ್ಡ ಷೆಡ್ಡಿನಲ್ಲಿ ನೀರು ತೊಟ್ಟಿಕ್ಕುವ ಸದ್ದು ನನಗೆ ಮೊದಲ ಸಲ ಕೇಳಿಸಿತು.

ಅಷ್ಟರಲ್ಲಿ ಬಟ್ಟೆ ಒಯ್ಯಲು ಬಂದ ಹೋಟೆಲಿನ ವ್ಯಾನು ಗೇಟಿನಾಚೆ ಹಾರ್ನ್ ಹೊಡೆಯಿತು. ಬೀಗ ತೆಗೆಯದೆ ವಿಧಿಯಿಲ್ಲ. ಧಣಿ ನಮ್ಮ ಅಪ್ಪ ಅಮ್ಮಂದಿರನ್ನೆಲ್ಲ ಬೈಯುತ್ತ ಗೇಟು ತೆರೆದ. ವ್ಯಾನು ಒಳಗೆ ಬಂತು, ಅತ್ತೆ ಹೊರಗೆ ನಡೆದರು.

"ಗೇಟು ದಾಟಿದ್ರೆ ನಾಳೆಯಿಂದ ಕೆಲಸ ಇಲ್ಲ, ಹುಷಾರ್!"

"ನಾಳೆ ಬರ್ತೀನಿ. ಇಲ್ಲ ಅನ್ನೋದನ್ನ ನಾಳೆ ಹೇಳಿ ಧಣಿ. ಇವತ್ತು ಭಾನುವಾರ."

ನಾನು ಒದ್ದೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಅತ್ತೆಯ ಹಿಂದೆಯೇ ಹೊರಟೆ. ತಿರುಗಿ ನೋಡಿದರೆ ಗಯ್ಯಾಳಿ, ಅವಳ ಹಿಂದೆ ಉಳಿದವರೂ.

ಪ್ರಾರ್ಥನಾ ಮಂದಿರ ಹೊಕ್ಕಾಗ ಹಾಡು ಕೊನೆಯ ಚರಣದಲ್ಲಿತ್ತು. ಮುಂದಿನ ಬೆಂಚಿನ ಗರಿಗರಿ ಬಟ್ಟೆಯವರು ಮೂಗು ಮುಚ್ಚಿಕೊಂಡು ಅತ್ತ ಸರಿದರು.

"ಜಾಗ ಬಿಟ್ರಲ್ಲ ಪುಣ್ಯಾತ್ಮರು, ಕೂತ್ಕೊಳ್ರೇ," ಅಂದರು ಅತ್ತೆ.

ಪಾದ್ರಿ ಬೋಧನೆಗೆ ಗಂಟಲು ಸರಿಮಾಡಿಕೊಂಡರು.

"ಮೊದಲ್ನೇ ಚರಣ ನಮಗೆ ಸಿಕ್ಲಿಲ್ಲ ಸ್ವಾಮಿ," ಎಂದು ಅತ್ತೆ ಎದ್ದು ನಿಂತು ಹಾಡನ್ನು ಮೊದಲಿನಿಂದ ಎತ್ತಿಕೊಂಡರು. ನಾವೂ ಎದ್ದು ನಿಂತೆವು. ನಮ್ಮ ಬಟ್ಟೆಗಳಿಂದ ಇಳಿದ ನೀರು ನೆಲದ ಮೇಲೆ ಸಣ್ಣಗೆ ಹರಿಯುತ್ತ, ಪಕ್ಕದವರ ಹೊಳೆಯುವ ಬೂಟುಗಳ ಕಡೆಗೆ ಹೊರಟಿತು.