ಎಸ್ತೇರವ್ವನ ಮಧ್ಯಾಹ್ನಗಳು

ನಾನು ಒಂದು ಲಾಳಿ. ಗದಗ ಸೀಮೆಯ ಬಡಿಗನೊಬ್ಬ ಕರಿಮರದ ತುಂಡನ್ನು ಮೀನಿನ ಆಕಾರಕ್ಕೆ ಕೆತ್ತಿ, ಎಣ್ಣೆ ಉಜ್ಜಿ ನನ್ನನ್ನು ಮಾಡಿದ. ನೂಲು ಸುತ್ತಿದ ಕಂಡಿಕೆಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಮಗ್ಗದ ಎಳೆಗಳ ನಡುವೆ ಅತ್ತಿತ್ತ ಓಡುವುದು ನನ್ನ ಬದುಕು. ಮೊದಲು ನನ್ನನ್ನು ಹಿಡಿದವನು ನೇಕಾರ ಯೋನಪ್ಪ. ಅವನು ಸತ್ತ ಮೇಲೆ ಹೆಂಡತಿ ಎಸ್ತೇರವ್ವ ಮಗ್ಗದ ಕೆಳಗೆ ಕಾಲಿಡಲು ತೋಡಿದ ಕುಣಿಗೆ ಕಾಲಿಳಿಸಿ ನೇಯಲು ಕೂತಳು. ಒಂಬತ್ತು ವರ್ಷದ ಮಗಳು ಸಲೋಮಿ ಪಕ್ಕದಲ್ಲಿ ಕೂತು ಕಂಡಿಕೆ ಸುತ್ತಿ ಕೊಡುತ್ತಿದ್ದಳು.

ಪ್ಲೇಗಿನ ವರ್ಷ ಬಂತು. ರೋಗ ತಗುಲಿದವರನ್ನು ಊರ ಹೊರಗಿನ ಗುಡಿಸಲುಗಳಿಗೆ ಸಾಗಿಸಲು ಸರ್ಕಾರದವರು ಮನೆಮನೆ ಹುಡುಕುತ್ತಿದ್ದರು. ಹೋದವರು ತಿರುಗಿ ಬರುತ್ತಿರಲಿಲ್ಲ. ಸಲೋಮಿಯ ಕಂಕುಳಲ್ಲಿ ಗಡ್ಡೆ ಎದ್ದಿತು. ತಪಾಸಣೆಯವರು ಓಣಿಗೆ ಬಂದಾಗ ಎಸ್ತೇರವ್ವ ಮಗಳನ್ನು ಕುಣಿಯೊಳಗೆ ಕೂರಿಸಿ, ಮೇಲೆ ಕೂತು ನೇಯತೊಡಗಿದಳು. ಮಗು ತಾಯಿಯ ಕಾಲಿನ ಹರಡು ಹಿಡಿದುಕೊಂಡು ಉಸಿರು ಬಿಗಿಹಿಡಿದಿತ್ತು. ಅದರ ನೆತ್ತಿಯ ಮೇಲೆ ನಾನು ಓಡುತ್ತಿದ್ದೆ.

ಅವರು ಮೂಲೆಮೂಲೆ ನೋಡಿ ಹೊರಟರು. ಆಗ ಬಾಗಿಲಲ್ಲಿ ನಿಂತಿದ್ದ ನೆರೆಮನೆಯ ದೀನವ್ವ ನೆಲ ನೋಡುತ್ತ ಹೇಳಿದಳು: “ಕುಣ್ಯಾಗ ನೋಡ್ರಿ.”

ಸಾಗಿಸಿದ ಮೂರನೆಯ ದಿನ ಸಲೋಮಿ ಆ ಗುಡಿಸಲಿನಲ್ಲಿ ಸತ್ತಳು. ತಾಯಿಗೆ ಮುಖ ನೋಡಲೂ ಸಿಗಲಿಲ್ಲ.

ಮನಸ್ಸಿನಲ್ಲಿ ದ್ವೇಷ ಇಟ್ಟುಕೊಂಡು ಕರ್ತನ ಭೋಜನದ ರೊಟ್ಟಿ ಮುಟ್ಟಬಾರದು ಎಂಬುದು ಅವರ ಕ್ರೈಸ್ತ ಸಭೆಯ ಕಟ್ಟಳೆ. ಎಸ್ತೇರವ್ವ ಆ ರೊಟ್ಟಿ ಮುಟ್ಟುವುದನ್ನು ಬಿಟ್ಟಳು. ಕುಣಿಗೆ ಕಾಲಿಡುವಾಗ, ಅಲ್ಲಿ ಯಾರೋ ಕೂತಿದ್ದಾರೆಂಬಂತೆ ಮೆಲ್ಲಗೆ ಇಡುತ್ತಿದ್ದಳು.

ತಿಂಗಳ ಮೇಲೆ ಒಂದು ಮಧ್ಯಾಹ್ನ ದೀನವ್ವ ಹೊಸ್ತಿಲಿಗೆ ಬಂದು ಕೂತಳು.

“ನನ್ನ ಕೂಸು ಗ್ವಾಡಿ ಆಚೀಕ ಇತ್ತಕ್ಕಾ. ಅದಕ್ಕೂ ರೋಗ ಹತ್ತೀತಂತ ಅಂಜಿದ್ನಿ.”

“ಗೊತ್ತೈತಿ. ನಿನ್ನ ಜಾಗಾದಾಗ ನಾನೂ ಹಂಗ ಅಂತಿದ್ನೋ ಏನೋ. ಅದಕ್ಕ ನಿನ್ನ ಮಾರಿ ನೋಡಾಕ ಆಗವಲ್ದು.”

“ಕ್ಷಮಾ ಮಾಡಾಕ ಆಗಂಗಿಲ್ಲೇನು?”

“ಮುಂಜಾನೆ ಪ್ರಾರ್ಥನಿ ಒಳಗ ಮಾಡಿರ್ತೀನಿ. ಮಧ್ಯಾಹ್ನ ಅನ್ನೂದ್ರಾಗ ಅದು ಇರಂಗಿಲ್ಲ.”

ದೀನವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. “ಹಂಗಾರ ನಾಳೆ ಮಧ್ಯಾಹ್ನ ಮತ್ತ ಬರ್ತೀನಿ.”

ಬಂದಳು. ದಿನವೂ ಬಂದಳು. “ಇವತ್ತು ಐತೇನಕ್ಕಾ?” ಎಂದು ಕೇಳುತ್ತಿದ್ದಳು. ಒಮ್ಮೊಮ್ಮೆ “ಐತಿ.” ಬಹಳ ದಿನ “ಇಲ್ಲ.” “ಬರೇ ಬಾಯಿ ಬಡಿಯೂ ಬದ್ಲಿ ಎರಡು ಕಂಡಿಕಿ ಸುತ್ತು” ಎಂದು ಎಸ್ತೇರವ್ವ ಗದರಿದರೆ, ಸಲೋಮಿ ಕೂರುತ್ತಿದ್ದ ಜಾಗ ಬಿಟ್ಟು ದೂರ ಕೂತು ಸುತ್ತುತ್ತಿದ್ದಳು. ಹೀಗೆ ಹನ್ನೊಂದು ವರ್ಷ.

ಊರಿಗೆ ಮತ್ತೆ ಜ್ವರ ಬಂತು. ಒಂದು ಮಧ್ಯಾಹ್ನ ದೀನವ್ವ ಬರಲಿಲ್ಲ. ಎಸ್ತೇರವ್ವ ನನ್ನನ್ನು ಕೆಳಗಿಡುವುದನ್ನೂ ಮರೆತು ಎದ್ದು ಪಕ್ಕದ ಮನೆಗೆ ಹೋದಳು. ದೀನವ್ವ ಚಾಪೆಯ ಮೇಲೆ ಬಿದ್ದಿದ್ದಳು. ತುಟಿ ಒಡೆದಿತ್ತು.

“ಇವತ್ತು ನೀ ಕೇಳಾಕ ಬರ್ಲಿಲ್ಲ.”

“ಐತೇನಕ್ಕಾ?”

ಎಸ್ತೇರವ್ವ ಚಾಪೆಯ ಪಕ್ಕ ಕೂತಳು. ಅವಳ ಹಿಡಿತದಲ್ಲಿ ನನ್ನ ಮೈ ನೊಂದಿತು.

“ಐತಿ.”

“ನಾಳೆ?”

“ನಾಳೀದು ನಾಳೆ ಬಂದು ಹೇಳ್ತೀನಿ.”

ಮರುದಿನ ಹೇಳಿಸಿಕೊಳ್ಳಲು ದೀನವ್ವ ಇರಲಿಲ್ಲ. ಆ ಭಾನುವಾರ ಎಸ್ತೇರವ್ವ ಸಭೆಯಲ್ಲಿ ರೊಟ್ಟಿ ತೆಗೆದುಕೊಂಡಳು. ಅಲ್ಲಿಗೆ ಮುಗಿಯಿತೆಂದು ಓಣಿಯವರು ಅಂದುಕೊಂಡರು.

ಈಗ ಅವಳ ಕಣ್ಣು ಮಂಜಾಗಿದೆ, ಮಗ್ಗ ನಿಂತಿದೆ. ನಾನು ಗೋಡೆಯ ಗೂಡಿನಲ್ಲಿ ಸೀಳು ಬಿಟ್ಟು ಬಿದ್ದಿದ್ದೇನೆ. ಕ್ಷಮೆ ಎಂದರೇನೆಂದು ಮರದ ತುಂಡಿಗೆ ಹೇಗೆ ತಿಳಿಯಬೇಕು? ಅದು ಒಮ್ಮೆ ಕೊಟ್ಟು ಕೈ ತೊಳೆದುಕೊಳ್ಳುವಂಥದ್ದಲ್ಲ ಎಂಬುದನ್ನಷ್ಟೇ ನೋಡಿದ್ದೇನೆ. ಹೊತ್ತು ನೆತ್ತಿಗೆ ಬಂದಾಗ ಅವಳು ಖಾಲಿ ಹೊಸ್ತಿಲಿನ ಕಡೆ ತಿರುಗುತ್ತಾಳೆ. ಕೆಲವು ದಿನ “ಐತಿ” ಎನ್ನುತ್ತಾಳೆ. “ಇಲ್ಲ” ಎಂದ ದಿನ ಉಣ್ಣದೆ ಸಂಜೆಯವರೆಗೂ ಅಲ್ಲೇ ಕೂತಿರುತ್ತಾಳೆ.